ಕೊಕ್ಕರೆ ನಾಣ್ಯ

ದುರ್ಗಿಗುಡಿ ಮೂರನೇ ಕ್ರಾಸು,
ಕನ್ನಡಕದಂಗಡಿಯ ಮೇಲೊಂದು ಕೋಣೆ.
ಮೂರು ಕುರ್ಚಿ, ಏಳು ಫೋನು,
ನನಗೊಬ್ಬಳಿಗೇ ಹನ್ನೊಂದು ಹೆಸರು.

ಬೆಳಿಗ್ಗೆ ನಾನು ರಿಪ್ಪನ್‌ಪೇಟೆಯ ಮೇಷ್ಟ್ರು,
ಹತ್ತರ ಮೇಲೆ ದುಬೈಯಲ್ಲಿ ಕ್ರೇನು ನಡೆಸುವವನು,
ಊಟವಾದ ಮೇಲೆ ಬಿಕಾಂ ಕಡೆಯ ವರ್ಷದ ಹುಡುಗಿ,
ಸಂಜೆ ಈ ಮೂವರ ಮೇಲೂ ಜಗಳ ತೆಗೆಯುವ
ಅನುಮಾನದ ಮನುಷ್ಯ.
ಜಗಳವೂ ಬೇಕು ಅನ್ನುತ್ತಿದ್ದ ಇರ್ಷಾದ್,
ಒಗ್ಗರಣೆ ಚಟಪಟ ಅನ್ನದಿದ್ದರೆ
ಸಾರು ಕುದಿಯುತ್ತಿದೆ ಅಂತ ಬೀದಿಗೆ ಹೇಗೆ ಗೊತ್ತಾಗಬೇಕು?

ನಾಣ್ಯದ ಹೆಸರು ಕೊಕ್ಕರೆ.
ಲೋಕದಲ್ಲಿ ನಾಯಿಯದಿತ್ತು, ಕಪ್ಪೆಯದಿತ್ತು,
ನಮ್ಮದು ಮಂಡಗದ್ದೆಯ ಹಕ್ಕಿ.
ಗಾಡಿಕೊಪ್ಪದ ಲೋಹಿತ್ ಚಿತ್ರ ಬರೆದ: ಒಂಟಿ ಕಾಲು,
ಕೊಕ್ಕಿನಲ್ಲಿ ಮೀನಿನ ಬದಲು ಒಂದು ದುಂಡು ಹೊಳಪು.
ತೂಕವಿಲ್ಲ, ಠಸ್ಸೆಯಿಲ್ಲ,
ಕಲ್ಲಿಗೆ ಎಸೆದರೆ ಠಣ್ ಅನ್ನುವುದಿಲ್ಲ.
ಸದ್ದು ನಾವೇ ಮಾಡಬೇಕು.

ಮಾಡಿದೆವು.
ಗೋಡೆಯ ಹಾಳೆಯಲ್ಲಿ ದಿನಾ ಎರಡು ಗೆರೆ ಎಳೆಯುತ್ತಿದ್ದೆ.
ನೀಲಿ, ಇವತ್ತು ಎಷ್ಟು ಜನ ಮಾತಾಡಿದರು.
ಕೆಂಪು, ಇವತ್ತು ಬೆಲೆ ಎಷ್ಟು.
ನೀಲಿ ಹತ್ತಿದ ಒಂದೂವರೆ ದಿನಕ್ಕೆ ಕೆಂಪೂ ಹತ್ತುವುದು,
ಹಾಲಿನವನ ಹಿಂದೆ ಬೆಕ್ಕು ಬರುವ ಹಾಗೆ.
ಒಂದು ವಾರ ಮಾತ್ರ ಕೆಂಪೇ ಮುಂದೆ ಓಡಿತು,
ಬೆಲೆ ಏರಿತೆಂದೇ ಜನ ಮಾತಾಡಿದರು.
ಯಾವುದು ಹಕ್ಕಿ, ಯಾವುದು ನೀರೊಳಗಿನ ಹಕ್ಕಿ,
ಪೆನ್ನು ಹಿಡಿದು ಸುಮ್ಮನೆ ನಿಂತೆ.

ಮಾತು ಬೆಳ್ಳಿ ಮೌನ ಬಂಗಾರ ಅಂತ
ಕಾಪಿ ಬರೆಸಿದ್ದರು ಮೂರನೇ ಕ್ಲಾಸಿನಲ್ಲಿ.
ಇಲ್ಲಿ ಮೌನಕ್ಕೆ ಮೂರು ಕಾಸಿಲ್ಲ.
ನಡುರಾತ್ರಿ ಅರ್ಧ ಗಂಟೆ ಯಾರೂ ಏನೂ ಅನ್ನದಿದ್ದರೆ
ಏರಿ ಒಡೆದ ಕೆರೆ.
ಎರಡೂವರೆಗೆ ಅಲಾರಂ ಇಟ್ಟು ಎದ್ದು
ಕ್ರೇನಿನವನ ಹೆಸರಲ್ಲಿ ಕೇಳುತ್ತಿದ್ದೆ:
ಯಾರಿಗೆಲ್ಲ ನಿದ್ದೆ ಬಂದಿಲ್ಲ?
ನಲವತ್ತು ಜನ ನನಗೆ, ನನಗೆ.
ಸೊರಬದವರು, ಬೀರೂರಿನವರು, ಮಸ್ಕತ್ತಿನವರು.
ಅವರು ನಿಜ.
ನಿಜಕ್ಕೂ ಅವರಿಗೆ ನಿದ್ದೆ ಬಂದಿರಲಿಲ್ಲ.
ಅದರಲ್ಲೊಬ್ಬ ಬರೆದ, ಮಗಳಿಗೆ ಜ್ವರ, ಮೈ ಸುಡುತ್ತಿದೆ.
ಯಾರೋ ಸಿರಪ್ಪಿನ ಹೆಸರು ಹೇಳಿದರು,
ಮೇಷ್ಟ್ರಾಗಿ ನಾನೂ ಹೇಳಿದೆ, ಹಣೆಗೆ ಒದ್ದೆ ಬಟ್ಟೆ ಹಾಕಿ.
ಆ ರಾತ್ರಿ ಬೆಲೆಯ ಸುದ್ದಿ ಯಾರೂ ಎತ್ತಲಿಲ್ಲ.
ಬೆಳಗಾಗುವಾಗ ಕೊಕ್ಕರೆ
ಹದಿನೆಂಟು ಪೈಸೆ ಮೇಲೆ ಹಾರಿತ್ತು.

ಫಿಲೋಮಿನಾ ಡಯಾಸ್ ಬಂದದ್ದು ಆಮೇಲೆ.
ನಿವೃತ್ತ ನರ್ಸು, ಗೋಪಾಳದಲ್ಲಿ ಮನೆ,
ಮುಖದ ಜಾಗದಲ್ಲಿ ದಾಸವಾಳದ ಫೋಟೋ.
ಒಂದೇ ಸಾಲು ಬರೆದರು,
ಪ್ರಶ್ನೆಯ ಕೊಕ್ಕೆ ಇರಬೇಕಾದಲ್ಲಿ ಒಂದು ಚುಕ್ಕಿ:
ಇದನ್ನು ಕೊಟ್ಟರೆ ಅರ್ಧ ಕೆಜಿ ಸಕ್ಕರೆ ಯಾರು ಕೊಡುತ್ತಾರೆ.

ಅನುಮಾನದ ಮನುಷ್ಯ ನಾನೇ ಆಗಿದ್ದೂ
ಇಷ್ಟು ಸಣ್ಣ ಅನುಮಾನ ಹೊಳೆದಿರಲಿಲ್ಲ.
ಪಕ್ಕದ ಕುರ್ಚಿಯಿಂದ ಬಗ್ಗಿ ನೋಡಿ
ಒರೆಸು, ಅಂದ ಇರ್ಷಾದ್.
ಒರೆಸಿದೆ. ಮತ್ತೆ ಕೇಳಿದರು, ಒರೆಸಿದೆ.
ಮೂರನೆಯ ಸಲ ಅವರನ್ನೇ.

ಅಂದಿನಿಂದ ಎಲ್ಲರೂ ಬರೀ ಹೊಗಳಿದರು.
ಜಗಳವಿಲ್ಲ, ಜ್ವರವಿಲ್ಲ, ಬರೀ ರಾಕೆಟ್ಟು, ಬರೀ ಜೈ.
ನೀಲಿ ಗೆರೆ ಹಾಳೆ ದಾಟಿ ಸುಣ್ಣದ ಗೋಡೆಗೆ ಹತ್ತಿತು.
ಕೆಂಪು ಅಲ್ಲೇ ನಿಂತಿತ್ತು ಒಂಟಿ ಕಾಲಲ್ಲಿ.
ಗುರುವಾರ ಮಧ್ಯಾಹ್ನ
ಆ ಕಾಲನ್ನೂ ಎತ್ತಿತು.

ಈಗ ನಾನು ಕೆಳಗೆ ಕನ್ನಡಕದಂಗಡಿಯಲ್ಲಿ,
ಕೌಂಟರಿನ ಗಾಜಿನ ಮೇಲೆ ಗಿರಾಕಿಗಳು ಚಿಲ್ಲರೆ ಸುರಿದರೆ
ಬೇಕೆಂದೇ ನಿಧಾನವಾಗಿ ಎಣಿಸುತ್ತೇನೆ.
ಮೇಲಿನ ಕೋಣೆಗೆ ಟೈಲರಿಂಗ್ ಕ್ಲಾಸು ಬಂದಿದೆ,
ನೀಲಿ ಗೆರೆಯ ಮೇಲೆ ಅಳತೆಯ ಟೇಪು ನೇತುಹಾಕಿದ್ದಾರೆ.
ಗೋಪಾಳದ ಬಸ್ಸಿನಲ್ಲಿ ಒಂದೆರಡು ಸಲ ಕೂತಿದ್ದೆ,
ಸ್ಟಾಪು ಬರುವ ಮೊದಲೇ ಇಳಿದೆ.

ಎರಡೂವರೆಯ ಅಲಾರಂ ತೆಗೆದು ಹಾಕಿದ್ದೇನೆ,
ಎಚ್ಚರ ಮಾತ್ರ ಅದೇ ಹೊತ್ತಿಗೆ.
ಆ ಹುಡುಗಿಯ ಜ್ವರ ಇಳಿಯಿತೇ?
ಬೀರೂರೋ ಸೊರಬವೋ, ಊರೇ ಮರೆತಿದೆ.
ಕೇಳೋಣವೆಂದರೆ
ಮೇಷ್ಟ್ರು ಈಗ ಇಲ್ಲ.